ವಸಡಿನ ಉರಿಯೂತ

ವಸಡಿನ ಉರಿಯೂತವು ಹಲ್ಲುಗಳನ್ನು ಹಿಡಿದು ನಿಲ್ಲಿಸುವ ಅಂಗಾಂಶಗಳಿಗೆ ತಗಲುವ ಕಾಯಿಲೆ. ಇದು ವಸಡಿಗಷ್ಟೇ ಸೀಮಿತವಾಗಿದ್ದಾಗ ಜಿಂಜಿವೈಟಿಸ್ ಎಂದೂ, ಹಲ್ಲಿನ ಬೇರನ್ನು ದವಡೆಗೆ ಬಿಗಿಯುವ ತಂತುಗಳನ್ನೂ ಮೂಳೆಯನ್ನೂ ನಾಶಪಡಿಸತೊಡಗಿದಾಗ ಪೆರಿಯೊಡಾಂಟೈಟಿಸ್ ಅಥವಾ ಪರಿದಂತ ರೋಗ ಎಂದೂ ಕರೆಯಲ್ಪಡುತ್ತದೆ. ಮೊದಲನೆಯದು ಸಂಪೂರ್ಣವಾಗಿ ಗುಣವಾಗಬಲ್ಲದು. ಎರಡನೆಯದರಲ್ಲಿ ನಷ್ಟವಾದ ಮೂಳೆ ಸಾಮಾನ್ಯವಾಗಿ ತಾನಾಗಿಯೇ ಮರಳಿ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 19ರಷ್ಟು ಮಂದಿಗೆ ತೀವ್ರ ಸ್ವರೂಪದ ಪರಿದಂತ ರೋಗವಿದೆ. ರೋಗವನ್ನು ಆರಂಭಿಸುವುವು ಬ್ಯಾಕ್ಟೀರಿಯಾಗಳಾದರೂ ಅಂಗಾಂಶಗಳ ನಾಶದಲ್ಲಿ ಹೆಚ್ಚಿನ ಪಾಲು ದೇಹದ ಸ್ವಂತ ರಕ್ಷಣಾ ಕೋಶಗಳದೇ ಆಗಿದೆ. ಈ ಅರಿವೇ ಜೀವಕೋಶಗಳ ಮಟ್ಟದಲ್ಲಿ ರೂಪುಗೊಳ್ಳುತ್ತಿರುವ ಚಿಕಿತ್ಸೆಗಳಿಗೆ ಆಧಾರವಾಗಿದೆ.

ರಚನೆ

ಹಲ್ಲು ದವಡೆಯ ಮೂಳೆಯಲ್ಲಿ ಮೊಳೆಯಂತೆ ನೇರವಾಗಿ ನಾಟಿಕೊಂಡಿಲ್ಲ. ಬೇರಿನ ಮೇಲಿರುವ ಸಿಮೆಂಟಮ್ ಎಂಬ ತೆಳುಪದರಕ್ಕೂ ಸುತ್ತಲಿನ ಮೂಳೆಗೂ ನಡುವೆ ಕೊಲಾಜೆನ್ ತಂತುಗಳ ಬಂಧಕವಿದೆ. ಅಗಿಯುವಾಗ ಬೀಳುವ ಒತ್ತಡವನ್ನು ಈ ಬಂಧಕವು ತಾಳಿಕೊಳ್ಳುತ್ತದೆ. ವಸಡಿನ ಅಂಚು ಮತ್ತು ಹಲ್ಲಿನ ನಡುವೆ ಆರೋಗ್ಯವಂತರಲ್ಲಿ 1ರಿಂದ 3 ಮಿ.ಮೀ. ಆಳದ ಸಣ್ಣ ಸಂದು ಇರುತ್ತದೆ. ರೋಗ ಬೆಳೆದಂತೆ ಈ ಸಂದು ಆಳವಾಗಿ, ಬ್ರಷ್ಷು ತಲುಪಲಾಗದ ಚೀಲದಂತಾಗುತ್ತದೆ.

ಕಾರಣಗಳು

ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಅಂಟಾದ ಪಾಚಿಗೆ ಪ್ಲಾಕ್ ಎನ್ನುವರು. ಇದು ಬ್ಯಾಕ್ಟೀರಿಯಾಗಳ ದಟ್ಟವಾದ ಪದರ. ಡಚ್ ಸಂಶೋಧಕ ಆಂಟೊನಿ ವಾನ್ ಲೀವೆನ್‌ಹುಕ್ ತನ್ನ ಹಲ್ಲಿನಿಂದ ಕೆರೆದು ತೆಗೆದ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಚಲಿಸುವ ಜೀವಿಗಳಿರುವುದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆದರೆ ಪಾಚಿಯೇ ವಸಡಿನ ಉರಿಯೂತಕ್ಕೆ ಕಾರಣವೆಂಬುದನ್ನು ಮಾನವರಲ್ಲಿ ನೇರವಾಗಿ ತೋರಿಸಿದ್ದು 1965ರಲ್ಲಿ. ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡುಗಳಲ್ಲಿಯೂ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಶುಚಿಗೊಳಿಸತೊಡಗಿದಾಗ ಅದು ಮಾಯವಾಯಿತು.

ಪಾಚಿಯು ಲಾಲಾರಸದ ಲವಣಗಳಿಂದ ಗಟ್ಟಿಯಾದರೆ ಟಾರ್ಟರ್ ಆಗುತ್ತದೆ. ಇದನ್ನು ಬ್ರಷ್ಷಿನಿಂದ ತೆಗೆಯಲು ಸಾಧ್ಯವಿಲ್ಲ. ತೀವ್ರ ರೋಗದೊಂದಿಗೆ ಹೆಚ್ಚಾಗಿ ಕಂಡುಬರುವ ಬ್ಯಾಕ್ಟೀರಿಯಾಗಳಲ್ಲಿ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ ಮತ್ತು ಟ್ರೆಪೊನೀಮಾ ಡೆಂಟಿಕೋಲಾ ಮುಖ್ಯವಾದವು. ಆದರೆ ಒಂದೇ ಬಗೆಯ ಪಾಚಿಯಿದ್ದರೂ ಎಲ್ಲರಿಗೂ ಮೂಳೆ ನಷ್ಟವಾಗುವುದಿಲ್ಲ. ಅನುವಂಶೀಯತೆ, ತಂಬಾಕಿನ ಬಳಕೆ ಮತ್ತು ಹತೋಟಿಯಲ್ಲಿಲ್ಲದ ಮಧುಮೇಹ ಈ ವ್ಯತ್ಯಾಸಕ್ಕೆ ಪ್ರಮುಖ ಕಾರಣಗಳಾಗಿವೆ.

ಜೀವಕೋಶಗಳ ಮಟ್ಟದಲ್ಲಿ ನಡೆಯುವ ಕ್ರಿಯೆ

ಬ್ಯಾಕ್ಟೀರಿಯಾಗಳ ಹೊರಕವಚದ ಅಂಶಗಳನ್ನು ವಸಡಿನ ಕೋಶಗಳು ಗುರುತಿಸಿದೊಡನೆ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದ ಸಂದೇಶವಾಹಕ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವುಗಳಿಗೆ ಸೈಟೊಕೈನ್ ಎಂದು ಹೆಸರು. ಇವುಗಳ ಕರೆಗೆ ರಕ್ತನಾಳಗಳು ಹಿಗ್ಗಿ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸ್ಥಳಕ್ಕೆ ಧಾವಿಸುತ್ತವೆ. ವಸಡು ಕೆಂಪಾಗಿ ಊದಿಕೊಳ್ಳುವುದೂ ಉಜ್ಜಿದಾಗ ರಕ್ತ ಬರುವುದೂ ಇದರಿಂದಲೇ.

ಶತ್ರುವಿನ ಮೇಲೆ ಪ್ರಯೋಗಿಸಿದ ಅಸ್ತ್ರಗಳು ಇಲ್ಲಿ ಮನೆಯ ಗೋಡೆಗೂ ತಾಗುತ್ತವೆ. ನ್ಯೂಟ್ರೋಫಿಲ್‌ಗಳು ಬಿಡುಗಡೆ ಮಾಡುವ ಎಂಎಂಪಿ-8 ಎಂಬ ಕಿಣ್ವವು ಕೊಲಾಜೆನ್ ತಂತುಗಳನ್ನು ಕತ್ತರಿಸುತ್ತದೆ. ಅನಂತರ ಬಂದು ಸೇರುವ ಲಿಂಫೋಸೈಟ್‌ಗಳು ರ್‍ಯಾಂಕ್-ಎಲ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ. ಇದು ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳನ್ನು ರೂಪಿಸಿ ಪ್ರಚೋದಿಸುತ್ತದೆ. ಸಹಜ ಸ್ಥಿತಿಯಲ್ಲಿ ಆಸ್ಟಿಯೊಪ್ರೊಟೆಜೆರಿನ್ ಎಂಬ ಮತ್ತೊಂದು ಪ್ರೋಟೀನು ಇದಕ್ಕೆ ಕಡಿವಾಣ ಹಾಕುತ್ತದೆ. ದೀರ್ಘಕಾಲದ ಉರಿಯೂತದಲ್ಲಿ ಈ ಸಮತೋಲ ತಪ್ಪುತ್ತದೆ. ಒಡೆದ ಅಂಗಾಂಶದ ಪ್ರೋಟೀನುಗಳು ಕೆಲವು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವುದರಿಂದ ಉರಿಯೂತವು ಸೋಂಕನ್ನೂ, ಸೋಂಕು ಉರಿಯೂತವನ್ನೂ ಬೆಳೆಸುತ್ತ ಹೋಗುತ್ತವೆ.

ಲಕ್ಷಣಗಳು ಮತ್ತು ಪತ್ತೆ

ರಕ್ತ ಒಸರುವುದು, ಬಾಯಿಯ ದುರ್ವಾಸನೆ, ವಸಡು ಕೆಳಗೆ ಸರಿದು ಹಲ್ಲು ಉದ್ದವಾದಂತೆ ಕಾಣುವುದು, ಹಲ್ಲುಗಳ ನಡುವೆ ಸಂದು ಮೂಡುವುದು, ಕೊನೆಗೆ ಹಲ್ಲು ಅಲುಗಾಡುವುದು ಮುಖ್ಯ ಲಕ್ಷಣಗಳು. ಬಹುಕಾಲ ನೋವಿಲ್ಲದಿರುವುದರಿಂದ ರೋಗವು ಗಮನಕ್ಕೆ ಬಾರದೆ ಮುಂದುವರಿಯುತ್ತದೆ. ಧೂಮಪಾನಿಗಳಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಿರುವ ಕಾರಣ ರೋಗ ಇನ್ನೂ ಮರೆಯಾಗಿರುತ್ತದೆ. ದಂತವೈದ್ಯರು ಮಿ.ಮೀ. ಗುರುತುಗಳುಳ್ಳ ತೆಳು ಸಲಾಕೆಯಿಂದ ಸಂದಿನ ಆಳವನ್ನು ಅಳೆದು, ಎಕ್ಸ್-ರೇ ಮೂಲಕ ಮೂಳೆಯ ಮಟ್ಟವನ್ನು ನೋಡುತ್ತಾರೆ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣವು ರೋಗದ ತೀವ್ರತೆಯನ್ನು ನಾಲ್ಕು ಹಂತಗಳಾಗಿಯೂ ಅದು ಮುಂದುವರಿಯುವ ವೇಗವನ್ನು ಮೂರು ದರ್ಜೆಗಳಾಗಿಯೂ ವಿಂಗಡಿಸಿದೆ.

ಮೂಲ ಚಿಕಿತ್ಸೆ

ಎಲ್ಲ ಚಿಕಿತ್ಸೆಗೂ ತಳಹದಿ ಶುಚೀಕರಣ. ವಸಡಿನ ಮೇಲೆ ಮತ್ತು ಕೆಳಗೆ ಕುಳಿತ ಪಾಚಿ, ಟಾರ್ಟರ್‌ಗಳನ್ನು ಉಪಕರಣಗಳಿಂದ ತೆಗೆಯುವುದಕ್ಕೆ ಸ್ಕೇಲಿಂಗ್ ಎನ್ನುವರು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆ ಜನಸಾಮಾನ್ಯರಲ್ಲಿದೆ. ವಾಸ್ತವದಲ್ಲಿ ಮೂಳೆ ಅದಕ್ಕೂ ಮೊದಲೇ ನಷ್ಟವಾಗಿರುತ್ತದೆ. ಟಾರ್ಟರ್ ಹೋಗಿ ಊತ ಇಳಿದಾಗ ಅದುವರೆಗೆ ಮುಚ್ಚಿದ್ದ ಸಂದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ಆಳವಾದ ಸಂದುಗಳು ಉಳಿದರೆ ವಸಡನ್ನು ಬಿಡಿಸಿ ಶುಚಿಗೊಳಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕೋಶಮಟ್ಟದ ಚಿಕಿತ್ಸೆಗಳು

ಕಿಣ್ವಗಳ ನಿಯಂತ್ರಣ: ಡಾಕ್ಸಿಸೈಕ್ಲಿನ್ ಔಷಧವನ್ನು ದಿನಕ್ಕೆರಡು ಬಾರಿ 20 ಮಿ.ಗ್ರಾಂ. ಪ್ರಮಾಣದಲ್ಲಿ ಕೊಟ್ಟಾಗ ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲದಿದ್ದರೂ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ತಡೆಯುತ್ತದೆ. ಸ್ಕೇಲಿಂಗ್ ಜೊತೆಗೆ ಪೂರಕವಾಗಿ ಬಳಸಲು ಅಮೆರಿಕದಲ್ಲಿ ಇದಕ್ಕೆ 1998ರಲ್ಲಿ ಅನುಮೋದನೆ ದೊರೆಯಿತು.

ಉರಿಯೂತದ ಶಮನ: ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳಿಂದ ದೇಹವು ರಿಸಾಲ್ವಿನ್‌ಗಳೆಂಬ ಅಣುಗಳನ್ನು ತಯಾರಿಸುತ್ತದೆ. ಇವು ರಕ್ಷಣಾ ಶಕ್ತಿಯನ್ನು ಕುಗ್ಗಿಸದೆ, ಕೆಲಸ ಮುಗಿಸಿದ ಕೋಶಗಳನ್ನು ಹಿಂದೆ ಸರಿಸುತ್ತವೆ. ಮೊಲಗಳ ಮೇಲಿನ ಪ್ರಯೋಗಗಳಲ್ಲಿ ರಿಸಾಲ್ವಿನ್ ಇ-1 ಲೇಪನವು ಮೂಳೆ ನಷ್ಟವನ್ನು ತಡೆದಿದೆ. ರಕ್ತದ ಕಾಂಪ್ಲಿಮೆಂಟ್ ಪ್ರೋಟೀನು ಸಿ-3ಯನ್ನು ತಡೆಯುವ ಎಎಂವೈ-101 ಎಂಬ ಔಷಧವನ್ನು ವಸಡಿಗೆ ಚುಚ್ಚಿದಾಗ ಉರಿಯೂತ ಇಳಿದುದು 2021ರಲ್ಲಿ ಪ್ರಕಟವಾದ, ಮಾನವರ ಮೇಲಿನ ಎರಡನೆಯ ಹಂತದ ಪ್ರಯೋಗದಲ್ಲಿ ಕಂಡುಬಂದಿತು. ಇವು ಇನ್ನೂ ನಿತ್ಯದ ಚಿಕಿತ್ಸೆಗೆ ಬಂದಿಲ್ಲ.

ಅಂಗಾಂಶಗಳ ಪುನರ್ರಚನೆ: ಗಾಯ ಮಾಯುವಾಗ ವಸಡಿನ ಹೊರಪದರದ ಕೋಶಗಳು ವೇಗವಾಗಿ ಬೆಳೆದು ಬೇರಿನ ಮೇಲೆ ಹಬ್ಬುವುದರಿಂದ, ನಿಧಾನವಾಗಿ ಬೆಳೆಯುವ ಬಂಧಕದ ಕೋಶಗಳಿಗೆ ಎಡೆ ದೊರೆಯುವುದಿಲ್ಲ. ನಡುವೆ ತೆಳುಪೊರೆಯೊಂದನ್ನಿಟ್ಟು ಹೊರಪದರವನ್ನು ತಡೆಯುವ ವಿಧಾನವನ್ನು ಸ್ವೀಡನ್ನಿನ ಸ್ಟುರೆ ನೀಮನ್ ಮತ್ತು ಸಂಗಡಿಗರು 1982ರಲ್ಲಿ ವರದಿ ಮಾಡಿದರು. ಬೆಳವಣಿಗೆಗೆ ಪ್ರೇರಕವಾದ ಪಿಡಿಜಿಎಫ್ ಪ್ರೋಟೀನಿಗೆ ಅಮೆರಿಕದಲ್ಲಿ 2005ರಲ್ಲಿಯೂ ಎಫ್‌ಜಿಎಫ್-2 ಪ್ರೋಟೀನಿಗೆ ಜಪಾನಿನಲ್ಲಿ 2016ರಲ್ಲಿಯೂ ಅನುಮೋದನೆ ದೊರೆತಿದೆ. ಇವು ಆಳವಾದ, ಗೋಡೆಗಳುಳ್ಳ ಮೂಳೆಯ ಕುಳಿಗಳಲ್ಲಿ ಹೆಚ್ಚು ಫಲಕಾರಿ. ಮೂಳೆ ಸಮತಟ್ಟಾಗಿ ಸವೆದಿದ್ದರೆ ಪ್ರಯೋಜನ ಕಡಿಮೆ.

ಆಕರಕೋಶಗಳು: ಕಿತ್ತು ತೆಗೆದ ಬುದ್ಧಿಹಲ್ಲುಗಳ ಬಂಧಕದಲ್ಲಿ ಆಕರಕೋಶಗಳಿರುವುದು 2004ರಲ್ಲಿ ವರದಿಯಾಯಿತು. ಇವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕುಳಿಯೊಳಗೆ ಇರಿಸುವ ಚಿಕಿತ್ಸೆ ಸಣ್ಣ ಪ್ರಯೋಗಗಳಲ್ಲಿ ಸುರಕ್ಷಿತವೆಂದು ಕಂಡಿದೆಯಾದರೂ ಅದು ಇನ್ನೂ ಸಂಶೋಧನೆಯ ಹಂತದಲ್ಲಿಯೇ ಇದೆ.

ಮಧುಮೇಹದೊಡನೆ ಸಂಬಂಧ

ಮಧುಮೇಹ ಮತ್ತು ಪರಿದಂತ ರೋಗಗಳ ಸಂಬಂಧ ಎರಡೂ ದಿಕ್ಕಿನದು. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ವಸಡಿನ ಉರಿಯೂತ ತೀವ್ರವಾಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ವಸಡಿನ ದೀರ್ಘಕಾಲದ ಉರಿಯೂತವು ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯಾಗಿ ಸಕ್ಕರೆಯ ಹತೋಟಿಯನ್ನು ಕಷ್ಟವಾಗಿಸುತ್ತದೆ. ಆದ್ದರಿಂದ ಮಧುಮೇಹಿಗಳು ವಸಡಿನ ತಪಾಸಣೆಯನ್ನು ಕ್ರಮವಾಗಿ ಮಾಡಿಸಿಕೊಳ್ಳುವುದು ಅಗತ್ಯ.

ತಡೆಗಟ್ಟುವಿಕೆ

ದಿನಕ್ಕೆರಡು ಬಾರಿ ಮೃದುವಾದ ಬ್ರಷ್ಷಿನಿಂದ ಉಜ್ಜುವುದು, ಹಲ್ಲುಗಳ ಸಂದುಗಳನ್ನು ಶುಚಿಗೊಳಿಸುವುದು, ಬೀಡಿ, ಸಿಗರೇಟು ಹಾಗೂ ಅಗಿಯುವ ತಂಬಾಕನ್ನು ತ್ಯಜಿಸುವುದು ಮತ್ತು ನಿಯಮಿತ ತಪಾಸಣೆ ಮುಖ್ಯ ಕ್ರಮಗಳು. ಉಜ್ಜುವಾಗ ರಕ್ತ ಬಂದರೆ ಆ ಭಾಗವನ್ನು ಉಜ್ಜದೆ ಬಿಡುವುದು ರೋಗವನ್ನು ಹೆಚ್ಚಿಸುತ್ತದೆ. ಅದು ಮೂಳೆಗೆ ಹಾನಿಯಾಗುವ ಮೊದಲೇ ದೊರೆತ ಸೂಚನೆಯೂ ಆಗಿರಬಹುದಾದ್ದರಿಂದ, ಮೆಲ್ಲಗೆ ಶುಚಿಗೊಳಿಸುತ್ತ ದಂತವೈದ್ಯರನ್ನು ಕಾಣಬೇಕು. ಮೇಲೆ ಹೇಳಿದ ಯಾವ ಹೊಸ ಚಿಕಿತ್ಸೆಯೂ ಪಾಚಿ ತುಂಬಿದ ಬಾಯಿಯಲ್ಲಿ ಬಹುಕಾಲ ನಿಲ್ಲಲಾರದು.