ಸೊಳ್ಳೆ, ಶೇರು, ಮಿದುಳು: ಒಂದೇ ಲೆಕ್ಕದ ಕಥೆ

ಭಾಗ 1

ಮೊದಲು ಒಂದು ತಪ್ಪೊಪ್ಪಿಗೆ. ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟಿದ್ದ 6,000 ರೂಪಾಯಿಯನ್ನು ಹೋದ ವರ್ಷ ಒಂದು ಚಾನೆಲ್‌ನ "ಪಕ್ಕಾ ಟಿಪ್" ನಂಬಿ ಆಪ್ಷನ್‌ಗೆ ಹಾಕಿದ್ದೆ. ಮಧ್ಯಾಹ್ನ ಮೂರೂವರೆಗೆ ಮಾರ್ಕೆಟ್ ಮುಚ್ಚಿದಾಗ ಉಳಿದಿದ್ದು 212 ರೂಪಾಯಿ. (ಅಕ್ಕ, ನೀನು ಇದನ್ನ ಓದ್ತಿದ್ರೆ ಅಮ್ಮಂಗೆ ಹೇಳ್ಬೇಡ.)

ದುಡ್ಡು ಹೋದಮೇಲೆ ಬುದ್ಧಿ ಬಂತು. ಈ ಆಪ್ಷನ್‌ಗೆ ಬೆಲೆ ಕಟ್ಟುವ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದು ಬರೀ ಕಾಮರ್ಸ್ ಕಥೆ ಅಲ್ಲ. ಅದರಲ್ಲಿ ಸೊಳ್ಳೆ ಇದೆ, ಐನ್‌ಸ್ಟೈನ್ ಇದ್ದಾರೆ, ನಮ್ಮ ಮಿದುಳೂ ಇದೆ. 1900ರಿಂದ 1905ರ ಒಳಗೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವಿಷಯ ಓದಿದವರು ಹೆಚ್ಚುಕಡಿಮೆ ಒಂದೇ ಲೆಕ್ಕದ ಮುಂದೆ ಬಂದು ನಿಂತಿದ್ದರು. ಬನ್ನಿ, ಒಬ್ಬೊಬ್ಬರನ್ನೇ ನೋಡೋಣ.

ಭಾಗ 2: ವೈದ್ಯ

1883. ರೊನಾಲ್ಡ್ ರಾಸ್ ಎಂಬ ಯುವ ಮಿಲಿಟರಿ ಡಾಕ್ಟರ್ ನಮ್ಮ ಬೆಂಗಳೂರಿನಲ್ಲಿದ್ದರು. ಬಂಗಲೆ ತುಂಬ ಸೊಳ್ಳೆ ಕಾಟ. ನೋಡಿದರೆ ಹತ್ತಿರವೇ ಇದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ನೀರು ಚೆಲ್ಲಿಸಿದರು, ಕಾಟ ಕಡಿಮೆಯಾಯಿತು. ಮುಂದೆ 1897ರಲ್ಲಿ ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡುಹಿಡಿದವರು ಇವರೇ. 1902ರಲ್ಲಿ ನೊಬೆಲ್ ಬಂತು.

ಆಮೇಲೆ ರಾಸ್‌ಗೆ ಹೊಸ ಪ್ರಶ್ನೆ ಹುಟ್ಟಿತು. ಒಂದು ಊರಿನಲ್ಲಿ ನಿಂತ ನೀರೆಲ್ಲ ಖಾಲಿ ಮಾಡಿಸಿದರೂ ಪಕ್ಕದಿಂದ ಸೊಳ್ಳೆ ಹಾರಿ ಬರಲ್ವಾ? ಎಷ್ಟು ದೂರದಿಂದ ಬರಬಹುದು? ಸೊಳ್ಳೆ ನೇರ ಹಾರಲ್ಲ. ಅತ್ತ ಸ್ವಲ್ಪ, ಇತ್ತ ಸ್ವಲ್ಪ, ಮತ್ತೆ ಹಿಂದಕ್ಕೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಾಡಿದ ಭಾಷಣದಲ್ಲಿ ರಾಸ್ ಇದನ್ನೇ ಲೆಕ್ಕವಾಗಿ ಇಟ್ಟರು. ಮುಂದಿನ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ "ನೇಚರ್" ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದು, ಗೊತ್ತುಗುರಿಯಿಲ್ಲದೆ ನಡೆಯುವ ಒಬ್ಬ ಮನುಷ್ಯ ಕೊನೆಗೆ ಎಲ್ಲಿರುತ್ತಾನೆ ಅಂತ ಓದುಗರನ್ನು ಕೇಳಿದರು. "ರ‍್ಯಾಂಡಮ್ ವಾಕ್" ಅನ್ನೋ ಹೆಸರು ಬಂದಿದ್ದು ಅಲ್ಲಿಂದ.

ಭಾಗ 3: ಲೆಕ್ಕ ಏನು?

ಗಣಿತ ಅಂದ್ರೆ ಓಡಿಹೋಗ್ಬೇಡಿ, ಎರಡೇ ನಿಮಿಷ.

ಕಾಲೇಜು ಮೈದಾನದ ಮಧ್ಯ ನಿಂತುಕೊಳ್ಳಿ. ನಾಣ್ಯ ಚಿಮ್ಮಿ. ಹೆಡ್ಸ್ ಬಿದ್ದರೆ ಬಲಕ್ಕೆ ಒಂದು ಹೆಜ್ಜೆ, ಟೇಲ್ಸ್ ಬಿದ್ದರೆ ಎಡಕ್ಕೆ ಒಂದು ಹೆಜ್ಜೆ. 100 ಸಲ ಮಾಡಿದರೆ ಹೊರಟ ಜಾಗದಿಂದ ಎಷ್ಟು ದೂರ ಇರ್ತೀರಿ? 100 ಹೆಜ್ಜೆಯಂತೂ ಅಲ್ಲ. ಹೆಚ್ಚುಕಡಿಮೆ 10. ಅದರ ಎರಡರಷ್ಟು ದೂರ, ಅಂದರೆ 20 ಹೆಜ್ಜೆ ಆಗಬೇಕಾದರೆ 400 ಸಲ ಚಿಮ್ಮಬೇಕು. ದೂರ ಬೆಳೆಯೋದು ಹೆಜ್ಜೆಗಳ ವರ್ಗಮೂಲದ ಲೆಕ್ಕದಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. ಎಷ್ಟು ದೂರ ಅನ್ನೋದನ್ನ ಅಂದಾಜು ಮಾಡಬಹುದು. ಎಡಕ್ಕೋ ಬಲಕ್ಕೋ? ಅದನ್ನ ಮಾತ್ರ ಹೇಳಕ್ಕಾಗಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಭಾಗ 4: ಭೌತವಿಜ್ಞಾನಿ

1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಪರಾಗದಿಂದ ಬಂದ ಸಣ್ಣ ಕಣಗಳು ನೀರಿನಲ್ಲಿ ಸುಮ್ಮನೆ ನಡುಗುತ್ತಲೇ ಇದ್ದವು. ಜೀವ ಇರೋದಕ್ಕೇ ಹೀಗಾ? ಅನುಮಾನ ತೀರಿಸಿಕೊಳ್ಳಲು ಗಾಜು, ಕಲ್ಲಿನ ಪುಡಿ ಹಾಕಿದರು. ಅವೂ ನಡುಗಿದವು. ಕಾರಣ ಮಾತ್ರ ಸಿಗಲಿಲ್ಲ.

1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನ ಪೇಟೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ 26ರ ಐನ್‌ಸ್ಟೈನ್ ಉತ್ತರ ಕೊಟ್ಟರು: ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿವೆ. ಕಣ ಎಷ್ಟು ದೂರ ಸರಿಯುತ್ತೆ? ಸಮಯದ ವರ್ಗಮೂಲದ ಲೆಕ್ಕದಲ್ಲಿ! ಫ್ರಾನ್ಸಿನ ಜಾನ್ ಪೆರ‍್ಯಾಂ ಪ್ರಯೋಗ ಮಾಡಿ ಅಳೆದರು, ಲೆಕ್ಕ ತಾಳೆಯಾಯಿತು. ಅಣುಗಳು ನಿಜವಾಗಿಯೂ ಇವೆಯಾ ಅಂತ ಅಲ್ಲಿಯವರೆಗೆ ಅನುಮಾನಿಸುತ್ತಿದ್ದವರೂ ಒಪ್ಪಿಕೊಂಡರು. ಪೆರ‍್ಯಾಂಗೆ 1926ರ ನೊಬೆಲ್.

ಭಾಗ 5: ನಮ್ಮವನು

ಈಗ ನಮ್ಮ ಸಬ್ಜೆಕ್ಟ್‌ನವನ ಸರದಿ. ಐನ್‌ಸ್ಟೈನ್‌ಗಿಂತ ಐದು ವರ್ಷ ಮೊದಲೇ, ಅಂದರೆ 1900ರಲ್ಲಿ, ಈ ವರ್ಗಮೂಲದ ಲೆಕ್ಕ ಬರೆದಿಟ್ಟಿದ್ದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಪ್ಯಾರಿಸ್‌ನಲ್ಲಿದ್ದ. ಹೆಸರು ಲೂಯಿ ಬಶೆಲಿಯೆ. ತಂದೆ ವೈನ್ ವ್ಯಾಪಾರಿ. ಸ್ಕೂಲು ಮುಗಿದ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹುಡುಗ ಓದು ಬಿಟ್ಟು ವ್ಯಾಪಾರ ನೋಡಿಕೊಳ್ಳಬೇಕಾಯಿತು. ಮಿಲಿಟರಿ ಸೇವೆಯೂ ಮುಗಿದು ಮತ್ತೆ ಓದಲು ಬಂದಾಗ 22 ವಯಸ್ಸು.

ಅವನ ಪ್ರಬಂಧದ ವಿಷಯ ಸಟ್ಟಾ ವ್ಯಾಪಾರ. ಸರ್ಕಾರಿ ಬಾಂಡ್ ಬೆಲೆ ಪ್ರತಿ ಕ್ಷಣ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಬೀಳಬಹುದು. ಕೊಳ್ಳುವವನು ಏರುತ್ತೆ ಅಂತಾನೆ, ಮಾರುವವನು ಇಳಿಯುತ್ತೆ ಅಂತಾನೆ. ಇಬ್ಬರೂ ಸಮ ಇರೋದರಿಂದಲೇ ಅಲ್ವಾ ಆ ಬೆಲೆಗೆ ವ್ಯವಹಾರ ಕುದುರೋದು? ಹಾಗಾಗಿ ಸಟ್ಟಾ ಆಡುವವನು ಸರಾಸರಿಯಲ್ಲಿ ನಿರೀಕ್ಷಿಸಬಹುದಾದ ಲಾಭ ಸೊನ್ನೆ ಎಂದ. ಒಂದು ದಿನಕ್ಕೆ ಬೆಲೆ 1 ರೂಪಾಯಿಯಷ್ಟು ಅಲುಗಾಡಿದರೆ, 4 ದಿನಕ್ಕೆ 2 ರೂಪಾಯಿ, 9 ದಿನಕ್ಕೆ 3. ಅದರ ಮೇಲೆ ಆಪ್ಷನ್ ಬೆಲೆಯನ್ನೂ ಲೆಕ್ಕ ಹಾಕಿದ.

ಗೈಡ್ ಯಾರು ಗೊತ್ತಾ? ಆ ಕಾಲದ ಮಹಾ ಗಣಿತಜ್ಞ ಆನ್ರಿ ಪ್ವಾಂಕಾರೆ. ಹೊಸತನವನ್ನು ಮೆಚ್ಚಿದರು. ಆದರೆ ವಿಷಯ ಗಣಿತದವರು ಸಾಮಾನ್ಯವಾಗಿ ಆರಿಸಿಕೊಳ್ಳುವಂಥದ್ದಲ್ಲ ಅಂತಲೂ ಬರೆದರು. ಅತ್ಯುನ್ನತ ದರ್ಜೆ ಸಿಗಲಿಲ್ಲ. ಖಾಯಂ ಕೆಲಸಕ್ಕೆ ವರ್ಷಗಟ್ಟಲೆ ಅಲೆದ. 1926ರಲ್ಲಿ ಡಿಜಾನ್ ವಿಶ್ವವಿದ್ಯಾಲಯದ ಹುದ್ದೆಯೂ ತಪ್ಪಿತು. ಅವನ ಬರಹದಲ್ಲಿ ತಪ್ಪಿದೆ ಅಂತ ದೊಡ್ಡ ಗಣಿತಜ್ಞ ಪಾಲ್ ಲೆವಿ ಹೇಳಿದ್ದೂ ಅದಕ್ಕೆ ಕಾರಣವಾಯಿತು. ಲೆವಿ ತಪ್ಪಾಗಿ ಓದಿಕೊಂಡಿದ್ದರು. ಮುಂದೆ ಕ್ಷಮೆ ಕೇಳಿದರು, ಆದರೆ ಆ ಕೆಲಸ ಹೋಗಿದ್ದು ಹೋಯಿತು. ಮರುವರ್ಷ ಬೆಸಾನ್ಸೋನ್‌ನಲ್ಲಿ ಪ್ರೊಫೆಸರ್ ಆದಾಗ ಬಶೆಲಿಯೆಗೆ 57 ವರ್ಷ.

1946ರಲ್ಲಿ ತೀರಿಕೊಂಡ. ಸುಮಾರು ಹತ್ತು ವರ್ಷದ ನಂತರ ಲಿಯೊನಾರ್ಡ್ ಸ್ಯಾವೇಜ್ ಎಂಬ ಸಂಖ್ಯಾಶಾಸ್ತ್ರಜ್ಞ "ಈ ಬಶೆಲಿಯೆ ಯಾರಂತ ಗೊತ್ತಾ?" ಎಂಬರ್ಥದಲ್ಲಿ ಅರ್ಥಶಾಸ್ತ್ರಜ್ಞರಿಗೆ ಪೋಸ್ಟ್‌ಕಾರ್ಡ್ ಹಾಕಿದರು. ಪಾಲ್ ಸ್ಯಾಮ್ಯುಯೆಲ್ಸನ್ ಆ ಪ್ರಬಂಧ ಹುಡುಕಿ ಓದಿ ಬೆರಗಾದರು. ಅರ್ಥಶಾಸ್ತ್ರದಲ್ಲಿ ಅವನ ಹೆಸರು ಓಡಾಡಲು ಶುರುವಾಗಿದ್ದು ಆಗ.

ಭಾಗ 6: ಮಿದುಳು

1964ರಲ್ಲಿ ಜಾರ್ಜ್ ಗರ್ಸ್ಟೀನ್ ಮತ್ತು ಬೆನ್ವಾ ಮ್ಯಾಂಡೆಲ್‌ಬ್ರಾಟ್ ಇದೇ ಲೆಕ್ಕವನ್ನು ನರಕೋಶಕ್ಕೆ ಹಚ್ಚಿದರು. ಒಂದು ನರಕೋಶಕ್ಕೆ ಪಕ್ಕದವುಗಳಿಂದ ಸಂಕೇತ ಬರುತ್ತಲೇ ಇರುತ್ತೆ. ಕೆಲವು ಅದರ ವೋಲ್ಟೇಜನ್ನು ಮೇಲೆ ತಳ್ಳುತ್ತವೆ, ಕೆಲವು ಕೆಳಗೆ ಎಳೆಯುತ್ತವೆ. ಹೀಗೆ ತೂರಾಡುತ್ತಾ ಒಂದು ಗಡಿ ಮುಟ್ಟಿದ ಕೂಡಲೇ ಕೋಶ ಮಿಡಿಯುತ್ತೆ.

ಇದೇ ಮ್ಯಾಂಡೆಲ್‌ಬ್ರಾಟ್ ಅದಕ್ಕೆ ಒಂದು ವರ್ಷ ಮೊದಲು, 1963ರಲ್ಲಿ, ಹತ್ತಿಯ ಬೆಲೆಗಳನ್ನು ನೋಡಿ ಎಚ್ಚರಿಕೆ ಕೊಟ್ಟಿದ್ದರು: ಬಶೆಲಿಯೆ ಲೆಕ್ಕ ಹೇಳುವುದಕ್ಕಿಂತ ದೊಡ್ಡ ಜಿಗಿತಗಳು ಮಾರ್ಕೆಟ್‌ನಲ್ಲಿ ಹೆಚ್ಚು ಸಲ ಬರುತ್ತವೆ.

ಭಾಗ 7: ನನ್ನ 6,000

1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಸೂತ್ರ ಬಂತು. ನಮ್ಮ ಡೆರಿವೇಟಿವ್ಸ್ ನೋಟ್ಸ್‌ನಲ್ಲಿ ಇರೋದು ಅದೇ. ಈಗ ಪುಸ್ತಕ ತೆಗೆದು ನೋಡಿ, ಅದಕ್ಕೆ ಏನೇನು ಬೇಕು? ಇವತ್ತಿನ ಬೆಲೆ, ಸ್ಟ್ರೈಕ್ ಬೆಲೆ, ಉಳಿದ ಸಮಯ, ಬಡ್ಡಿದರ, ಬೆಲೆಯ ಅಲುಗಾಟ. "ಏರುತ್ತಾ, ಇಳಿಯುತ್ತಾ" ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ! ಆ ಸೂತ್ರಕ್ಕೆ 1997ರಲ್ಲಿ ಶೋಲ್ಸ್ ಮತ್ತು ಮರ್ಟನ್‌ಗೆ ನೊಬೆಲ್ ಬಂತು. (ಬ್ಲ್ಯಾಕ್ ಅಷ್ಟರಲ್ಲಿ ತೀರಿಕೊಂಡಿದ್ದರು.) ಮರುವರ್ಷವೇ ಅವರಿಬ್ಬರೂ ಪಾಲುದಾರರಾಗಿದ್ದ ಫಂಡ್ ಮುಳುಗಿತು. ಉಳಿಸಲು 14 ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯಿತು. ನೊಬೆಲ್ ಬಂದವರ ಗತಿಯೇ ಹೀಗಾದರೆ, ಚಾನೆಲ್‌ನವನ "ಪಕ್ಕಾ" ಎಷ್ಟು ಪಕ್ಕಾ?

2024ರ ಸೆಬಿ ವರದಿ ಪ್ರಕಾರ, ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಆಟ ಸಮ ಇದ್ದರೂ ಬ್ರೋಕರೇಜು, ತೆರಿಗೆ ಪ್ರತಿ ಸಲ ಕೈಯಿಂದಲೇ ಹೋಗುತ್ತಲ್ಲ. ಆ 93ರಲ್ಲಿ ನಾನೂ ಒಬ್ಬ ಅಂದ್ಕೊಳ್ಳಿ.

"ಕಾಮರ್ಸ್‌ನವರಿಗೆ ಸೈನ್ಸ್ ಯಾಕೆ?" ಅಂತ ನಾನೂ ಹೇಳಿದವನೇ. 126 ವರ್ಷದ ಹಿಂದೆ ನಮ್ಮ ಸಬ್ಜೆಕ್ಟ್‌ನವನೊಬ್ಬ ಬರೆದಿದ್ದನ್ನ ಮೊದಲೇ ಓದಿದ್ದಿದ್ರೆ ನನ್ನ 6,000 ಉಳೀತಿತ್ತು.

ನಿಮ್ಮ ಗ್ರೂಪ್‌ನಲ್ಲಿ ನಾಳೆ ಬೆಳಗ್ಗೆ 9:15ಕ್ಕೆ ಕಾಯ್ತಾ ಕೂತಿರೋ ಒಬ್ಬ ಇದ್ದೇ ಇರ್ತಾನೆ. ಬೈಬೇಡಿ. ಇದನ್ನ ಕಳಿಸಿ, ಸಾಕು.