ಮನೆ ಬಿಟ್ಟು ಬಂದವರ ಹಾಡುಗಳು

1837ರಲ್ಲಿ ಲಂಡನ್ನಿನ ಪುಸ್ತಕದಂಗಡಿಗಳಿಗೆ ಒಂದು ತೆಳ್ಳನೆಯ ಹಾಸ್ಯಪುಸ್ತಕ ಬಂತು. ಜೀವಶಾಸ್ತ್ರದವರು ಗಿಡಮರ, ಹುಳಹುಪ್ಪಟೆಗಳನ್ನು ವಿಂಗಡಿಸುವ ಗತ್ತಿನಲ್ಲೇ ಅದು ಇಂಗ್ಲೆಂಡಿನ ತರುಣಿಯರನ್ನು ಬಗೆಬಗೆಯಾಗಿ ವಿಂಗಡಿಸಿ ಲೇವಡಿ ಮಾಡಿತ್ತು. ಬರೆದವರ ಹೆಸರು ‘ಕ್ವಿಜ್’, ಚಿತ್ರ ಹಾಕಿದವರು ‘ಫಿಜ್’. ಡಿಕನ್ಸರ ‘ಪಿಕ್‌ವಿಕ್ ಪೇಪರ್ಸ್’ಗೆ ಚಿತ್ರ ಬರೆಯುತ್ತಿದ್ದವರೂ ಇದೇ ಫಿಜ್. ಹಾಗಾಗಿ ಈ ಪುಸ್ತಕವೂ ಡಿಕನ್ಸರದೇ ಎಂದು ಎಷ್ಟೋ ಜನ ನಂಬಿದರು. ಡಿಕನ್ಸ್ ಸುಮ್ಮನಿರಲಿಲ್ಲ. ಮರುವರ್ಷ ಹೆಸರು ಹಾಕದೆ ತರುಣರನ್ನು ಗೇಲಿ ಮಾಡುವ ಪುಸ್ತಕ ಬರೆದು ಲೆಕ್ಕ ಚುಕ್ತಾ ಮಾಡಿದರು.

‘ಕ್ವಿಜ್’ನ ನಿಜವಾದ ಹೆಸರು ಎಡ್ವರ್ಡ್ ಕ್ಯಾಸ್ವಾಲ್. 1814ರಲ್ಲಿ ಹ್ಯಾಂಪ್‌ಶೈರಿನ ಯೇಟ್ಲಿಯಲ್ಲಿ ಹುಟ್ಟಿದ ಪಾದ್ರಿಯ ಮಗ, ಆಕ್ಸ್‌ಫರ್ಡಿನಲ್ಲಿ ಓದಿದವರು. ಪರೀಕ್ಷೆಯಲ್ಲಿ ನಪಾಸಾಗುವುದು ಹೇಗೆಂದು ಅರಿಸ್ಟಾಟಲನ ಶೈಲಿಯಲ್ಲಿ ಒಂದು ಅಣಕು ಶಾಸ್ತ್ರಗ್ರಂಥವನ್ನೂ ಆ ಹೊತ್ತಿಗಾಗಲೇ ಬರೆದಿದ್ದರು. ಈ ತುಂಟ ಮುಂದೆ ಲ್ಯಾಟಿನ್ ಸ್ತೋತ್ರಗಳ ಮುಂದೆ ವರ್ಷಗಟ್ಟಲೆ ಕೂತು, ಇಂಗ್ಲಿಷ್ ಕ್ಯಾಥೊಲಿಕರ ಬಾಯಿಗೆ ಹಾಡು ಕೊಡುತ್ತಾರೆಂದು ಆಗ ಯಾರೂ ಎಣಿಸಿರಲಾರರು.

ಅವರಿಗೆ ಹಾಡುಗಳ ಕೊರತೆಯಿತ್ತು, ಅದಕ್ಕೆ ಕಾರಣವೂ ಇತ್ತು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡ್ ರೋಮಿನಿಂದ ಬೇರೆಯಾದ ಮೇಲೆ ಅಲ್ಲಿನ ಕ್ಯಾಥೊಲಿಕರು ಬಹುಕಾಲ ಕದ್ದುಮುಚ್ಚಿ ಬದುಕಿದವರು. ಅವರು ಸಂಸತ್ತಿನಲ್ಲಿ ಕೂರಲು ಕಾನೂನು ಒಪ್ಪಿದ್ದೇ 1829ರಲ್ಲಿ. ಗಟ್ಟಿಯಾಗಿ ಹಾಡುವುದು ಅವರ ರೂಢಿಯಲ್ಲಿರಲಿಲ್ಲ. ಬಲಿಪೂಜೆಯಂತೂ ಲ್ಯಾಟಿನ್ನಿನಲ್ಲೇ ನಡೆಯಬೇಕಿತ್ತು. ಇಂಗ್ಲೆಂಡಿನಂತೆ ಕರ್ನಾಟಕದ ಇಗರ್ಜಿಗಳಲ್ಲೂ ಈ ಪದ್ಧತಿ 1960ರ ದಶಕದವರೆಗೆ ಇತ್ತು. ದೇಶಭಾಷೆಯ ಹಾಡಿಗೆ ಜಾಗವಿದ್ದದ್ದು ಸಂಜೆಯ ಪ್ರಾರ್ಥನೆ, ಪರಮಪ್ರಸಾದದ ಆರಾಧನೆ, ಮೆರವಣಿಗೆಗಳಲ್ಲಿ ಮಾತ್ರ. ಇತ್ತ ಪ್ರಾಟೆಸ್ಟಂಟರ ಬಳಿ ವೆಸ್ಲಿ ಸಹೋದರರ ಹಾಡುಗಳಿದ್ದವು, ಕೂಪರ್ ಮತ್ತು ನ್ಯೂಟನ್ ಸೇರಿ ಬರೆದ ‘ಆಲ್ನಿ ಹಿಮ್ಸ್’ ಇತ್ತು. ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವವರಿಗೂ ಅವು ಬಾಯಿಪಾಠ.

ಈ ಕೊರತೆಯನ್ನು ತುಂಬಿದವರು ಹಳೆಯ ಕ್ಯಾಥೊಲಿಕ್ ಮನೆತನಗಳವರಲ್ಲ. ರೋಮಿನಿಂದ ಬೇರೆಯಾದ ಆಂಗ್ಲಿಕನ್ ಸಭೆಯಲ್ಲಿ ಹುಟ್ಟಿ, ಅಲ್ಲೇ ಪಾದ್ರಿಗಳಾಗಿ, ನಡುವಯಸ್ಸಿನ ಹೊತ್ತಿಗೆ ಕೆಲಸ, ಸಂಬಳ, ಸ್ನೇಹ ಬಿಟ್ಟು ಬಂದವರು.

ಕ್ಯಾಸ್ವಾಲ್ 1840ರಿಂದ ಸಾಲ್ಸ್‌ಬರಿಯ ಹತ್ತಿರ ಸ್ಟ್ರಾಟ್‌ಫರ್ಡ್-ಸಬ್-ಕ್ಯಾಸಲ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದರು. ಕೆಲಸಕ್ಕೆ ರಾಜೀನಾಮೆ ಕೊಟ್ಟು 1847ರ ಜನವರಿಯಲ್ಲಿ ರೋಮಿನಲ್ಲಿ ಕ್ಯಾಥೊಲಿಕರಾದರು. ಪತ್ನಿ ಲೂಯಿಸಾ ಕೂಡ ಅದೇ ದಾರಿ ಹಿಡಿದರು. ಆದರೆ ಕ್ಯಾಥೊಲಿಕ್ ಸಭೆಯಲ್ಲಿ ಆಗ ಮದುವೆಯಾದವರಿಗೆ ಗುರುದೀಕ್ಷೆ ಇರಲಿಲ್ಲ. ಬರೆಯಲು ಬಲ್ಲ ಈ ಮಾಜಿ ಪಾದ್ರಿ, ಧರ್ಮಸಭೆಯ ನಿತ್ಯಪ್ರಾರ್ಥನೆ ಮತ್ತು ಪೂಜಾಗ್ರಂಥಗಳಲ್ಲಿದ್ದ ಲ್ಯಾಟಿನ್ ಸ್ತೋತ್ರಗಳನ್ನು ಅನುವಾದಿಸಲು ಕೂತರು. 1849ರಲ್ಲಿ ‘ಲೈರಾ ಕ್ಯಾಥೊಲಿಕಾ’ ಹೊರಬಂತು. ಅದರಲ್ಲಿದ್ದ ಅನುವಾದಗಳು ಇನ್ನೂರರ ಹತ್ತಿರ. ಅದೇ ವರ್ಷ ಲೂಯಿಸಾ ಕಾಲರಾ ಬಡಿದು ತೀರಿಕೊಂಡರು. ಮುಂದಿನ ವರ್ಷ ಕ್ಯಾಸ್ವಾಲ್ ಬರ್ಮಿಂಗ್‌ಹ್ಯಾಮಿನಲ್ಲಿ, ತಮ್ಮಂತೆಯೇ ಆಂಗ್ಲಿಕನ್ ಸಭೆ ಬಿಟ್ಟು ಬಂದಿದ್ದ ಜಾನ್ ಹೆನ್ರಿ ನ್ಯೂಮನ್ ಕಟ್ಟಿದ್ದ ಆರೇಟರಿ ಎಂಬ ಗುರುಗಳ ಮನೆಯನ್ನು ಸೇರಿದರು. 1852ರಲ್ಲಿ ಗುರುದೀಕ್ಷೆ ಆಯಿತು. ತಮ್ಮ ಹಣದ ದೊಡ್ಡ ಪಾಲನ್ನು ಆ ಮನೆಗೇ ಸುರಿದು, 1878ರಲ್ಲಿ ಸಾಯುವವರೆಗೆ ಅಲ್ಲೇ ಇದ್ದರು.

ಆರೇಟರಿ ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲಿ ರೋಮಿನ ಸಂತ ಫಿಲಿಪ್ ನೇರಿ ಸಂಜೆ ಹೊತ್ತು ಜನರನ್ನು ಕೂಡಿಸಿ ಉಪದೇಶದ ನಡುವೆ ಇಟಾಲಿಯನ್ ಭಕ್ತಿಗೀತೆಗಳನ್ನು ಹಾಡಿಸುತ್ತಿದ್ದರು. ಮಟ್ಟು ಹಾಕಿಕೊಡಲು ಸಂಗೀತಗಾರ ಜೊವಾನಿ ಅನಿಮುಚ್ಚಾ ಇದ್ದರು. ಪಶ್ಚಿಮದ ಸಂಗೀತದಲ್ಲಿ ‘ಆರೇಟೋರಿಯೊ’ ಎಂಬ ಪ್ರಕಾರಕ್ಕೆ ಹೆಸರು ಬಂದದ್ದು ಆ ಪ್ರಾರ್ಥನಾಮಂದಿರದಿಂದಲೇ. ಇಂಗ್ಲೆಂಡಿನಲ್ಲಿ ಅದರ ಶುರು ಬಲು ಬಡತನದ್ದು. ಬರ್ಮಿಂಗ್‌ಹ್ಯಾಮಿನಲ್ಲಿ ನ್ಯೂಮನ್ ಜನರಿಗೆ ಬಾಗಿಲು ತೆರೆದದ್ದು ಪಾಳುಬಿದ್ದ ಜಿನ್ ಭಟ್ಟಿಯೊಂದರಲ್ಲಿ. ಲಂಡನ್ನಿನ ಶಾಖೆ ಕಾಲಿಟ್ಟದ್ದು ಒಂದು ಕಾಲದ ಡ್ಯಾನ್ಸ್ ಹಾಲಿಗೆ.

ಲಂಡನ್ನಿನ ಮನೆಯ ಮುಖ್ಯಸ್ಥರು ಫ್ರೆಡರಿಕ್ ವಿಲಿಯಂ ಫೇಬರ್. ಅವರೂ 1814ರಲ್ಲಿ ಹುಟ್ಟಿದವರೇ. ಕವಿ ವರ್ಡ್ಸ್‌ವರ್ತ್ ಅವರಿಗೆ ಹತ್ತಿರದವರು. ಫೇಬರ್ ಕವಿತೆಯನ್ನು ಬದಿಗಿಟ್ಟು ಎಲ್ಟನ್ ಎಂಬ ಊರಿನ ಪಾದ್ರಿಕೆಲಸ ಒಪ್ಪಿಕೊಂಡಾಗ ವರ್ಡ್ಸ್‌ವರ್ತ್, ಇಂಗ್ಲೆಂಡ್ ಒಬ್ಬ ಕವಿಯನ್ನು ಕಳೆದುಕೊಂಡಿತು ಎಂಬರ್ಥದ ಮಾತಾಡಿದರಂತೆ. ಆ ಕೆಲಸವೂ ಬಹಳ ದಿನ ಉಳಿಯಲಿಲ್ಲ. 1845ರ ನವೆಂಬರಿನಲ್ಲಿ ಅವರು ಆಂಗ್ಲಿಕನ್ ಸಭೆ ಬಿಟ್ಟು ಹೊರಟಾಗ ಊರಿನ ಕೆಲವು ಹುಡುಗರೂ ಬೆನ್ನು ಹತ್ತಿದರು.

ಫೇಬರರಿಗೆ ಹಾಡು ಬರೆಯುವುದು ಕವಿಯ ಹಟವಾಗಿರಲಿಲ್ಲ, ಗುರುವಿನ ಕೆಲಸವಾಗಿತ್ತು. ಪ್ರಾಟೆಸ್ಟಂಟರ ಹಾಡುಗಳು ಬಡವರ ಮನಸ್ಸನ್ನು ಹೇಗೆ ಹಿಡಿದಿವೆ ಎಂದು ಅವರು ಬಲ್ಲರು. ಐರ್ಲೆಂಡಿನ ಆಲೂಗಡ್ಡೆ ಬರಗಾಲದಿಂದ ಓಡಿಬಂದ ಕ್ಯಾಥೊಲಿಕ್ ಬಡವರು ಆಗ ಲಂಡನ್ನಿನ ಓಣಿಗಳಲ್ಲಿ ತುಂಬಿದ್ದರು. ಅವರಿಗೆ ಸರಳವಾದ, ಸ್ವಲ್ಪ ಕಣ್ಣೀರು ಬರಿಸುವ, ಗುಂಪಿನಲ್ಲಿ ಹಾಡಿಕೊಳ್ಳುವ ಹಾಡು ಬೇಕಿತ್ತು. 1849ರಲ್ಲಿ ಒಂದು ಸಣ್ಣ ಸಂಕಲನದಿಂದ ಆರಂಭಿಸಿ, 1862ರ ಹೊತ್ತಿಗೆ ದಾವೀದನ ಕೀರ್ತನೆಗಳಷ್ಟೇ, ಅಂದರೆ ಸರಿಯಾಗಿ 150 ಹಾಡುಗಳನ್ನು ಮುಗಿಸಿದರು. ಮರುವರ್ಷವೇ ಸತ್ತರು, ವಯಸ್ಸು 49. ಅವರ ಎಲ್ಲ ಹಾಡುಗಳೂ ಚೆನ್ನಾಗಿವೆ ಎನ್ನಲಾಗದು. ಸಕ್ಕರೆ ಹೆಚ್ಚಾದವು ಬಹಳ ಇವೆ.

ಅವರ ‘ಫೇತ್ ಆಫ್ ಅವರ್ ಫಾದರ್ಸ್’ ಹಾಡಿನ ಕಥೆ ಮಾತ್ರ ಯಾವ ಕಾದಂಬರಿಕಾರನಿಗೂ ಹೊಳೆಯದಂಥದ್ದು. ಹಿರಿಯರು ಸೆರೆಮನೆ, ಕತ್ತಿಗಳಿಗೆ ಜಗ್ಗದೆ ಉಳಿಸಿದ ವಿಶ್ವಾಸವನ್ನು ಅದು ಹಾಡುತ್ತದೆ. ಬರೆದವರ ಹಿರಿಯರು ಯಾರು? ಫ್ರಾನ್ಸಿನ ಕ್ಯಾಥೊಲಿಕ್ ಅರಸರಿಂದ ಕಿರುಕುಳ ಉಂಡ ಹ್ಯೂಗನೊ ಪ್ರಾಟೆಸ್ಟಂಟರು! ಅಜ್ಜ ಆಂಗ್ಲಿಕನ್ ಪಾದ್ರಿ. ಫೇಬರ್ ಹುಟ್ಟಿದ್ದೂ ಆ ಅಜ್ಜನ ಪಾದ್ರಿಮನೆಯಲ್ಲೇ. ಅಂದರೆ ಅವರು ಹಾಡಿದ್ದು ತಾವೇ ಆರಿಸಿಕೊಂಡ ಹಿರಿಯರನ್ನು. ಇಂಗ್ಲೆಂಡಿಗೊಂದು, ಐರ್ಲೆಂಡಿಗೊಂದು ಎಂದು ಅವರು ಎರಡು ಪಾಠ ಬರೆದಿದ್ದರು. ಐರ್ಲೆಂಡಿನಲ್ಲಿ ಅದು ಕ್ರೋಕ್ ಪಾರ್ಕ್ ಮೈದಾನದ ಫೈನಲ್ ಪಂದ್ಯಗಳ ಮುನ್ನ ಸಾವಿರಾರು ಜನ ದಶಕಗಳ ಕಾಲ ಹಾಡಿದ ಹಾಡಾಯಿತು. ಅತ್ತ ಅಮೆರಿಕದ ಪ್ರಾಟೆಸ್ಟಂಟರಿಗೂ ಅದು ಹಿಡಿಸಿತು. ಮೇರಿಮಾತೆಯ ಪ್ರಾರ್ಥನೆಯಿಂದ ಇಂಗ್ಲೆಂಡ್ ಮರಳಿ ಬರುತ್ತದೆ ಎಂಬ ಚರಣವನ್ನು ತಿದ್ದಿ, ಉಳಿದದ್ದನ್ನು ತಮ್ಮದೇ ಹಿರಿಯರ ಹೆಸರಿನಲ್ಲಿ ಹಾಡಿಕೊಂಡರು. ಅಲ್ಲಿ ಅದಕ್ಕೆ ಕೂಡಿಕೊಂಡ ಮಟ್ಟು ಉತ್ತರ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹುಟ್ಟಿದ ಹೆನ್ರಿ ಹೆಮಿ ಎಂಬ ಕ್ಯಾಥೊಲಿಕ್ ಆರ್ಗನ್ ವಾದಕರದು. ಸಂತ ಕ್ಯಾಥರೀನರ ಹಾಡಿಗೆಂದು ಹಾಕಿ 1864ರಲ್ಲಿ ಅಚ್ಚು ಮಾಡಿಸಿದ್ದ ಆ ಮಟ್ಟನ್ನು ಜೇಮ್ಸ್ ವಾಲ್ಟನ್ 1874ರಲ್ಲಿ ಒಂದಿಷ್ಟು ಬದಲಿಸಿ ಬಳಸಿದರು.

ಕ್ಯಾಸ್ವಾಲರ ಅನುವಾದಗಳಿಗೂ ಇದೇ ಗತಿ. 1861ರಲ್ಲಿ ಆಂಗ್ಲಿಕನರ ‘ಹಿಮ್ಸ್ ಏನ್ಶಂಟ್ ಅಂಡ್ ಮಾಡರ್ನ್’ ಬಂದಾಗ ಅದರಲ್ಲಿ ಅವರ ಅನುವಾದಗಳು ಸಾಕಷ್ಟಿದ್ದವು, ಅಲ್ಲಲ್ಲಿ ಉಳಿಪೆಟ್ಟು ತಿಂದು. ಬಿಟ್ಟುಬಂದ ಮನೆಗೆ ಮನುಷ್ಯ ಹಿಂತಿರುಗಲಿಲ್ಲ, ಹಾಡು ಹಿಂತಿರುಗಿತು.

ಇನ್ನು ನ್ಯೂಮನ್. ಕನ್ನಡಿಗರಿಗೆ ಈ ಗುಂಪಿನಲ್ಲಿ ನಿಜವಾಗಿ ಪರಿಚಿತರು ಇವರೇ, ಹೆಸರಿನಿಂದ ಅಲ್ಲದಿದ್ದರೂ ಹಾಡಿನಿಂದ. 1833ರ ಮೇ ತಿಂಗಳು, 32 ವರ್ಷದ ನ್ಯೂಮನ್ ಸಿಸಿಲಿಯಲ್ಲಿ ಒಂಟಿಯಾಗಿ ತಿರುಗುತ್ತ ಜ್ವರ ಬಿದ್ದು ಸಾವಿನಂಚಿಗೆ ಹೋಗಿಬಂದರು. ಚೇತರಿಸಿಕೊಂಡು ಪಲೆರ್ಮೊದಲ್ಲಿ ಹಡಗಿಗಾಗಿ ವಾರಗಟ್ಟಲೆ ಕಾದು, ಕೊನೆಗೆ ಮಾರ್ಸೇಗೆ ಕಿತ್ತಳೆಹಣ್ಣು ಒಯ್ಯುವ ದೋಣಿ ಹತ್ತಿದರು. ಸಾರ್ಡೀನಿಯ ಮತ್ತು ಕಾರ್ಸಿಕ ನಡುವಿನ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ದೋಣಿ ನಿಂತಿತು. ಜೂನ್ 16ರಂದು ಅಲ್ಲಿ ಬರೆದದ್ದು ‘ಲೀಡ್, ಕೈಂಡ್ಲಿ ಲೈಟ್’. ಆಗ ಅವರು ಇನ್ನೂ ಆಂಗ್ಲಿಕನ್. ಕ್ಯಾಥೊಲಿಕರಾದದ್ದು 1845ರ ಅಕ್ಟೋಬರಿನಲ್ಲಿ. ಹಾಡಿನಲ್ಲಿ ಕ್ರಿಸ್ತನ ಹೆಸರಿಲ್ಲ, ಯಾವ ಸಭೆಯ ಹೆಸರೂ ಇಲ್ಲ.

ಅದನ್ನು ಊರೂರಿಗೆ ಮುಟ್ಟಿಸಿದ್ದು ಜಾನ್ ಬಕಸ್ ಡೈಕ್ಸ್ ಎಂಬ ಆಂಗ್ಲಿಕನ್ ಪಾದ್ರಿ 1865ರಲ್ಲಿ ಹಾಕಿದ ಮಟ್ಟು. ಹೆಸರು ಬಂದದ್ದು ನನ್ನ ಪದ್ಯದಿಂದಲ್ಲ, ಡೈಕ್ಸರ ಮಟ್ಟಿನಿಂದ ಎಂದು ನ್ಯೂಮನ್ನರೇ ಹೇಳುತ್ತಿದ್ದರು. ಪದ್ಯಕ್ಕೆ ಇನ್ನೊಬ್ಬ ಆಂಗ್ಲಿಕನ್ ಪಾದ್ರಿ ತಾನೊಂದು ನಾಲ್ಕನೆಯ ಚರಣ ಸೇರಿಸಿದಾಗ ನ್ಯೂಮನ್ನರಿಗೆ ಹಿಡಿಸಲಿಲ್ಲ. ಕೊನೆಯ ಸಾಲುಗಳ ಅರ್ಥವೇನೆಂದು 1879ರಲ್ಲಿ ಯಾರೋ ಕೇಳಿದ್ದಕ್ಕೆ, ಐವತ್ತು ವರ್ಷದ ಹಿಂದಿನ ಮನಸ್ಸನ್ನು ನೆನಪಿಟ್ಟುಕೊಳ್ಳುವ ಹೊಣೆ ಕವಿಗಿಲ್ಲ ಎಂದು ನುಣುಚಿಕೊಂಡರು. ಜಾಣ ಉತ್ತರ.

1908ರ ಫೆಬ್ರವರಿಯಲ್ಲಿ ಜೊಹಾನೆಸ್‌ಬರ್ಗಿನಲ್ಲಿ ಗಾಂಧೀಜಿಯ ಮೇಲೆ ಹಲ್ಲೆ ನಡೆಯಿತು. ಪೆಟ್ಟು ತಿಂದ ಅವರನ್ನು ಬ್ಯಾಪ್ಟಿಸ್ಟ್ ಪಾದ್ರಿ ಜೋಸೆಫ್ ಡೋಕ್ ತಮ್ಮ ಮನೆಯಲ್ಲಿ ಇರಿಸಿಕೊಂಡರು. ಗಾಂಧೀಜಿಯ ಕೋರಿಕೆಯಂತೆ ಡೋಕರ ಪುಟ್ಟ ಮಗಳು ಆಲಿವ್ ಹಾಡಿದ್ದು ಇದೇ ಹಾಡು. ನರಸಿಂಹರಾವ್ ದಿವೇಟಿಯಾ ಅದನ್ನು ಗುಜರಾತಿಗೆ ತಂದರು, ಆ ರೂಪ ಗಾಂಧೀಜಿಯ ಆಶ್ರಮದ ಭಜನೆಗಳಲ್ಲಿ ಸೇರಿತು. ಕನ್ನಡಕ್ಕೆ ತಂದವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯ. ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕರುಣಾಳು ಬಾ ಬೆಳಕೆ’ಯನ್ನು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿದ ಮಕ್ಕಳಿಗೆ ಕಿತ್ತಳೆ ದೋಣಿಯೂ ಗೊತ್ತಿಲ್ಲ, ಮುಂದೆ ಕಾರ್ಡಿನಲ್ ಆದ ನ್ಯೂಮನ್ನರೂ ಗೊತ್ತಿಲ್ಲ. ಅದು ಅವರಿಗೆ ಬಿಎಂಶ್ರೀ ಹಾಡು. ಅನುವಾದಕನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಿಲ್ಲ. ಕ್ಯಾಸ್ವಾಲರಿಗೆ ಅದೂ ಸಿಗಲಿಲ್ಲ.

ನ್ಯೂಮನ್ 1865ರಲ್ಲಿ ಸಾಯುವವನೊಬ್ಬನ ಆತ್ಮದ ಪಯಣವನ್ನು ‘ದಿ ಡ್ರೀಮ್ ಆಫ್ ಜೆರಾಂಟಿಯಸ್’ ಎಂಬ ನೀಳ್ಗವನವಾಗಿ ಬರೆದರು. ಅದರೊಳಗಿನ ದೇವದೂತರ ಹಾಡೊಂದು ಪ್ರಧಾನಿ ಗ್ಲ್ಯಾಡ್‌ಸ್ಟನ್ನರಿಗೆ ಮೆಚ್ಚಿನದು; 1898ರಲ್ಲಿ ಅವರ ಅಂತ್ಯಕ್ರಿಯೆಯಲ್ಲೂ ಹಾಡಲಾಯಿತು. ವೂಸ್ಟರ್ ಊರಿನ ಕ್ಯಾಥೊಲಿಕ್ ಇಗರ್ಜಿಯಲ್ಲಿ ತಂದೆಯ ನಂತರ ಆರ್ಗನ್ ನುಡಿಸುತ್ತಿದ್ದ ಎಡ್ವರ್ಡ್ ಎಲ್ಗರ್ 1889ರಲ್ಲಿ ಮದುವೆಯಾದದ್ದು ಲಂಡನ್ನಿನ ಆರೇಟರಿಯಲ್ಲಿ. ಊರಿನ ಗುರುಗಳು ಉಡುಗೊರೆಯಾಗಿ ಕೊಟ್ಟದ್ದು ಇದೇ ಕವನದ ಪ್ರತಿ. ಎಲ್ಗರ್ ಅದಕ್ಕೆ ಸಂಗೀತ ಹಾಕಿ 1900ರ ಅಕ್ಟೋಬರ್ 3ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಪ್ರಸ್ತುತಪಡಿಸಿದಾಗ, ತಯಾರಿ ಸಾಲದ ಮೇಳದವರು ಮಾನ ಕಳೆದರು. 1902ರಲ್ಲಿ ವೂಸ್ಟರಿನ ಆಂಗ್ಲಿಕನ್ ಮಹಾಮಂದಿರ ಅದನ್ನು ಹಾಡಿಸಿತಾದರೂ, ಮೇರಿಮಾತೆ ಮತ್ತು ಶುದ್ಧೀಕರಣಸ್ಥಳದ ಮಾತುಗಳಿಗೆ ಕತ್ತರಿ ಬಿತ್ತು.

ಇಂಗ್ಲೆಂಡಿನ ಕ್ಯಾಥೊಲಿಕ್ ಬಿಷಪ್ಪರು ಅಧಿಕೃತವಾಗಿ ಒಪ್ಪಿದ ಹಾಡಿನ ಪುಸ್ತಕ ‘ವೆಸ್ಟ್‌ಮಿನ್‌ಸ್ಟರ್ ಹಿಮ್ನಲ್’ ಬಂದದ್ದು 1912ರಲ್ಲಿ. ಅದರ ಸಂಗೀತ ಸಂಪಾದಕ ರಿಚರ್ಡ್ ಟೆರಿ ಕೂಡ ಆಂಗ್ಲಿಕನ್ ಸಭೆಯಿಂದ ಬಂದವರು. 1940ರಲ್ಲಿ ಅದನ್ನು ಪರಿಷ್ಕರಿಸಿದಾಗ ಹೊಸ ಅನುವಾದಗಳ ದೊಡ್ಡ ಪಾಲು ಹೊತ್ತವರು ಮೊನ್ಸಿಞೊರ್ ರೊನಾಲ್ಡ್ ನಾಕ್ಸ್. ಅವರು ಪತ್ತೇದಾರಿ ಕಾದಂಬರಿಕಾರರು, ಆ ಬಗೆಯ ಕಥೆ ಬರೆಯುವವರಿಗೆ ಹತ್ತು ಕಟ್ಟಳೆ ವಿಧಿಸಿದ ಹಾಸ್ಯಗಾರ. ಮ್ಯಾಂಚೆಸ್ಟರಿನ ಆಂಗ್ಲಿಕನ್ ಬಿಷಪ್ಪರ ಮಗ, 1917ರಲ್ಲಿ ತಂದೆಯ ಸಭೆ ಬಿಟ್ಟವರು.