ದಾಸೋಹದಿಂದ ಹಕ್ಕಿಗೆ: ಕಾರವಾರ-ಅಂಕೋಲೆಗಳಲ್ಲಿ ವಿಶೇಷ ಶಿಕ್ಷಣ

ಕಾಯಕ ದಾಸೋಹಗಳು ಶರಣಧರ್ಮದ ಎರಡು ಕಣ್ಣುಗಳು. ಹೊರಗಣ್ಣಿಲ್ಲದವರಿಗೂ ಕಾಯಕವುಂಟೆಂಬುದನ್ನು ನಾಡಿಗೆ ತೋರಿಸಿಕೊಟ್ಟವರು ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳು (1867–1930). ಅವರ ಆಶ್ರಯದಲ್ಲಿ ಬೆಳೆದ ಅಂಧಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಅನಾಥ ಬಾಲಕರಿಗೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ಇತ್ತರು. ಪುಟ್ಟರಾಜ ಗವಾಯಿಗಳು 2010ರವರೆಗೆ ಆ ವ್ರತವನ್ನು ನಡೆಸಿದರು.

ಆದರೆ ಆಶ್ರಮದ ಬಾಗಿಲನ್ನು ಸೇರಲಾರದ ಕೂಸಿನ ಗತಿಯೇನು? ಒತ್ತಿನಲ್ಲಿ ಸಹ್ಯಾದ್ರಿ, ಎದುರಿನಲ್ಲಿ ಕಡಲು, ನಡುವೆ ಕಾಳಿ ಗಂಗಾವಳಿಗಳುಳ್ಳ ಕಾರವಾರ-ಅಂಕೋಲೆ ಸೀಮೆಯಲ್ಲಿ ನಡೆಯಲಾರದ ಮಗುವಿಗೆ ಹತ್ತಿರದ ಶಾಲೆಯೂ ದೂರವೇ ಸರಿ. ಈ ಭಾರವನ್ನು ಹೊರಬೇಕಾದುದು ಸರಕಾರದ ಶಿಕ್ಷಣ ಇಲಾಖೆ. 1974ರ ಕೇಂದ್ರ ಯೋಜನೆಯು ಇಂತಹ ಮಕ್ಕಳನ್ನು ಸಾಮಾನ್ಯ ಶಾಲೆಗೆ ಕರೆಯಿತು; 1995ರ ಶಾಸನವು 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ವಿಧಿಸಿತು. 2012ರ ತಿದ್ದುಪಡಿಯಿಂದ ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಕಲಿಯುವ ಹಕ್ಕು ಬಂದಿತು. 2016ರ ಶಾಸನವು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ಮನೆಗೇ ಹೋಗಿ ಉಣ್ಣುವ, ಉಡುವ, ಎಣಿಸುವ ಪಾಠವನ್ನು ಕಲಿಸುವುದೇ ಗೃಹಾಧಾರಿತ ಶಿಕ್ಷಣದ ತಿರುಳು. ಶಿಷ್ಯನು ಗುರುವಿನೆಡೆಗೆ ಹೋಗಲಾರದಲ್ಲಿ ಗುರುವೇ ಶಿಷ್ಯನ ಹೊಸ್ತಿಲನ್ನು ತುಳಿಯುವನು.

ಶಾಸನವು ಹಕ್ಕನ್ನು ಕೊಡಬಲ್ಲುದು. ಪೂರ್ವಕರ್ಮದ ಫಲವೆಂದು ಒಳಕೋಣೆಯಲ್ಲಿ ಮರೆಮಾಡಿದ ಮಗುವನ್ನು ಜಗಲಿಗೆ ಕರೆತರುವ ಧೈರ್ಯವನ್ನು ಸಮಾಜವೇ ಕೊಡಬೇಕು. ಗದಗಿನಲ್ಲಿ ಮೊದಲು ಬಂದುದು ಆ ಧೈರ್ಯ. ಶಾಸನವು ಹಿಂದಿನಿಂದ ಬಂದಿತು. ಇಂದು ಶಾಸನವು ಮುಂದೆ ನಿಂತಿದೆ. ಕೈಹಿಡಿದು ನಡೆಯಿಸುವ ಕೆಲಸವು ಮಠಕ್ಕೂ ಮನೆಗೂ ಉಳಿದಿದೆ.